ಕೊರಳಿನಲ್ಲಿ ನೇತಾಡಿದ ಅಪ್ಪನ ಹೆಸರು

ನಾನು ಕಾನೂನು ಓದಲು ಸೇರಿದ್ದು ಹೇಗೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದು ಅಧಿಕೃತ ಕಥೆಯಿದೆ. ಬಂದವರಿಗೆ ಕಾಫಿ ಕೊಟ್ಟು, ಕೋಡುಬಳೆ ತಟ್ಟೆ ಮುಂದಿಟ್ಟು, ಇನ್ನು ಇವರು ತಪ್ಪಿಸಿಕೊಳ್ಳಲಾರರು ಎಂದು ಖಾತ್ರಿಯಾದ ಮೇಲೆ ಅಮ್ಮ ಅದನ್ನು ಶುರುಮಾಡುತ್ತಾಳೆ. "ಸ್ಕೂಲಿಂದ ಕಾಲೇಜು ತೋರಿಸೋಕೆ ಕರ್ಕೊಂಡು ಹೋಗಿದ್ರು ಕಣ್ರೀ. ಇವಳಪ್ಪ ಸ್ಟೇಜ್ ಮೇಲೆ. ತುಂಬಿದ ಸಭೇಲಿ ಇವಳು ಎದ್ದು ನಿಂತು ಒಂದೇ ಒಂದು ಪ್ರಶ್ನೆ ಹಾಕಿದ್ಲು ನೋಡಿ. ಅವರು ಅಲ್ಲೇ, ಮೈಕಲ್ಲೇ, ಆಯ್ತಮ್ಮಾ ನೀನು ಲಾಯರ್ರೇ ಆಗು ಅಂದ್ಬಿಟ್ರು." ಅತಿಥಿಗಳು ನನ್ನ ಕಡೆ ತಿರುಗುತ್ತಾರೆ. ನಾನು ವಿನಯದಿಂದ ಕೋಡುಬಳೆ ನೋಡುತ್ತೇನೆ. ಅಪ್ಪ ಮಾತ್ರ ಅಷ್ಟು ಹೊತ್ತಿಗೆ ಸರಿಯಾಗಿ ಫ್ಯಾನಿನ ವೇಗ ಹೆಚ್ಚಿಸಲು ಎದ್ದು ಹೋಗಿರುತ್ತಾರೆ.

ಈ ಕಥೆಯ ಮೇಲೆ ನನಗೆ ಕೆಲವು ಆಕ್ಷೇಪಣೆಗಳಿವೆ. ಅಮ್ಮ ಆ ಸಭೆಯಲ್ಲಿ ಇರಲೇ ಇಲ್ಲ. ಆ ಹೊತ್ತಿಗೆ ಅವಳು ಮಲೇಷ್ಯಾದ ಕ್ಲಾಂಗ್ ಬಂದರಿನ ತನ್ನ ಸರಕು ಸಾಗಣೆ ಆಫೀಸಿನಲ್ಲಿ, ಒಂದು ಸಹಿ ಇಲ್ಲದೆ ಮೂರು ದಿನದಿಂದ ಕೂತಿದ್ದ ಕಂಟೇನರನ್ನು ಹೊರಡಿಸುವ ಕೆಲಸದಲ್ಲಿದ್ದಳು. ಅವಳಿಗೆ ಕಥೆ ಹೇಳಿದ್ದು ನನ್ನ ಗೆಳತಿ ತಿವ್ಯಾಳ ಅಮ್ಮ, ಆಕೆಗೆ ಹೇಳಿದ್ದು ತಿವ್ಯಾ. ತಿವ್ಯಾ ಸಭೆಯಲ್ಲಿ ಇದ್ದದ್ದು ನಿಜ. ಆದರೆ ಅವಳ ಗಮನವೆಲ್ಲ ಹಿಂದಿನ ಮೇಜಿನ ಮೇಲೆ ಮುಚ್ಚಿಟ್ಟಿದ್ದ, ಪಲ್ಯ ತುಂಬಿ ಕರಿದ ಕರಿಪಫ್‌ಗಳ ಮೇಲಿತ್ತು. ಹೀಗೆ ಕಿವಿಯಿಂದ ಕಿವಿಗೆ ಬಂದ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ಮೂಸಿ ನೋಡುವುದಿಲ್ಲ. ಇಷ್ಟೆಲ್ಲ ತಿಳಿದ ನಾನು ಇಷ್ಟು ದಿನ ಸುಮ್ಮನಿದ್ದದ್ದು ಏಕೆ ಎಂದು ನೀವು ಕೇಳಬಹುದು. ಕಥೆಯಲ್ಲಿ ನಾನು ಗೆದ್ದಿದ್ದೇನಲ್ಲ, ಅದಕ್ಕೆ.

ನಡೆದದ್ದನ್ನು ಹೇಳುವ ಮೊದಲು ನಮ್ಮ ಮನೆಯ ಒಂದು ಕಾನೂನು ಹೇಳಬೇಕು. ನಾನು ಹುಟ್ಟಿದ್ದು, ಬೆಳೆದದ್ದು ಇಲ್ಲೇ, ಮಲೇಷ್ಯಾದಲ್ಲಿ. ಇಲ್ಲಿನ ನಮ್ಮವರ ಮಕ್ಕಳು ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ನಾನೂ ಹಾಗೆಯೇ ಇದ್ದೆ. ಶಾಲೆಯ ಚರ್ಚಾಸ್ಪರ್ಧೆಯ ತಂಡಕ್ಕೆ ಸೇರಿ, ಎದುರಾಳಿಯ ಮಾತನ್ನು ಒಡೆಯುವುದೇ ಕೆಲಸವಾದ ಮೂರನೆಯ ಭಾಷಣಕಾರಳ ಸ್ಥಾನ ನನಗೆ ಸಿಕ್ಕ ಮೇಲೆ, ಮನೆಯಲ್ಲಿ ತಿಂಡಿಗೆ ಉಪ್ಪಿಟ್ಟು ಎಂದರೂ ನಾನು ಮೂರು ಖಂಡನೆ ಮುಂದಿಡತೊಡಗಿದೆ. ಮೈಸೂರಿನ ಅಮ್ಮ ಒಂದು ದಿನ ಸೌಟು ಕೆಳಗಿಟ್ಟು ಹೇಳಿದಳು, "ನೋಡು, ಇನ್ಮೇಲೆ ವಾದ ಮಾಡೋದಾದ್ರೆ ಕನ್ನಡದಲ್ಲಿ ಮಾಡು. ಇಂಗ್ಲಿಷಲ್ಲಿ ಬಂದ ಅರ್ಜಿ ತಗೊಳ್ಳಲ್ಲ." ನಾನು ಬಾಯಿ ಮುಚ್ಚುತ್ತೇನೆಂದು ಅವಳ ಲೆಕ್ಕಾಚಾರ. ಆರು ತಿಂಗಳಲ್ಲಿ ನಾನು ಕನ್ನಡ ಕಲಿತೆ. ಇಂದಿಗೂ ಕನ್ನಡದಲ್ಲಿ ಯಾರನ್ನಾದರೂ ಪ್ರೀತಿಯಿಂದ ಮಾತನಾಡಿಸಲು ನನಗೆ ಪದ ಸಾಲುವುದಿಲ್ಲ. ಜಗಳಕ್ಕೆ ನಿಂತರೆ ಕೊರತೆಯೇ ಇಲ್ಲ. ಉಡುಪಿಯ ಅಪ್ಪ ಈ ಕಾನೂನಿಗೆ ವಿರುದ್ಧವಾಗಿದ್ದರು. "ಇಂಗ್ಲಿಷಲ್ಲಿ ಆದ್ರೆ ನನಗೆ ಅರ್ಧ ತಲೆಗೆ ಹೋಗ್ತಿರ್ಲಿಲ್ಲ, ಒಳ್ಳೆದಿತ್ತು" ಎನ್ನುತ್ತಿದ್ದರು. ಇದು ಸುಳ್ಳು. ಅವರು ವೈದ್ಯಕೀಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷಿನಲ್ಲೇ ಅಂಗರಚನೆ ಪಾಠ ಮಾಡುತ್ತಿದ್ದಾರೆ.

ಆ ಕಾಲೇಜೇ ನಮ್ಮ ಮನೆಯ ವಿವಾದಿತ ಪ್ರದೇಶ. ನಾನು ಅಲ್ಲೇ ಓದಿ ಡಾಕ್ಟರಾಗಬೇಕೆಂಬುದು ಅಪ್ಪನ ಆಸೆ ಎಂದು ನಾನು ನಂಬಿದ್ದೆ. ನಾನು ಶಾಲೆಯ ಕೊನೆಯ ವರ್ಷದಲ್ಲಿದ್ದಾಗ ಮುಂದೇನು ಓದಬೇಕೆಂದು ಬರೆದು, ತಂದೆ ಅಥವಾ ತಾಯಿಯ ಸಹಿ ಹಾಕಿಸಿ ಕೊಡಲು ಶಾಲೆಯವರು ಒಂದು ಫಾರಂ ಹಂಚಿದರು. ನಾನು ದಪ್ಪ ಅಕ್ಷರದಲ್ಲಿ ಕಾನೂನು ಎಂದು ಬರೆದೆ. ಅಮ್ಮ, "ಕಾಲೇಜಿನ ವಿಷಯ ನಿಮ್ಮಪ್ಪನ ಡಿಪಾರ್ಟ್‌ಮೆಂಟು" ಎಂದು ಕೈತೊಳೆದುಕೊಂಡಳು. ಅಪ್ಪ ಫಾರಂ ತೆಗೆದುಕೊಂಡು, ಓದಿ, "ಆಯ್ತು, ನೋಡುವ" ಎಂದು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿದರು. ಕರಾವಳಿಯವರ ಬಾಯಲ್ಲಿ "ನೋಡುವ" ಎಂದರೆ ನೋಡುವುದಿಲ್ಲ ಎಂದರ್ಥವೆಂದು ಅಮ್ಮ ತನ್ನ ದಾಂಪತ್ಯದ ಆಧಾರದ ಮೇಲೆ ಎಚ್ಚರಿಸಿದಳು. ಮೂರು ವಾರ ಕಳೆಯಿತು. ಫಾರಂ ಚೀಲದಿಂದ ಹೊರಗೆ ಬರಲಿಲ್ಲ. ಅದನ್ನು ಒಪ್ಪಿಸುವ ಕೊನೆಯ ದಿನ ಸೋಮವಾರ. ಅದರ ಹಿಂದಿನ ಶುಕ್ರವಾರ ನಮ್ಮ ತರಗತಿಯ ಕಾಲೇಜು ಪ್ರವಾಸ. ಒಂದೇ ದಿನಕ್ಕೆ ಮೂರು ಕ್ಯಾಂಪಸ್ಸು, ಮೂರನೆಯದು ಅಪ್ಪನ ಕಾಲೇಜು, ಅಲ್ಲಿ ಭಾಷಣಕಾರರು ಅಪ್ಪ.

ಬುಧವಾರ ಊಟದ ಮೇಜಿನಲ್ಲಿ ಅಪ್ಪ ಒಂದು ಚೀಟಿಯನ್ನು ನನ್ನ ಕಡೆ ಸರಿಸಿದರು. ಅದರಲ್ಲಿ ನೀಟಾಗಿ ಟೈಪು ಮಾಡಿದ ಒಂದು ಪ್ರಶ್ನೆಯಿತ್ತು: ಮೊದಲನೆಯ ವರ್ಷದಿಂದಲೇ ವಿದ್ಯಾರ್ಥಿಗಳಿಗೆ ರೋಗಿಗಳನ್ನು ನೋಡುವ ಅವಕಾಶ ಇದೆಯೇ?

"ಇದೆಂಥದು?" ಎಂದೆ.

"ಭಾಷಣ ಮುಗಿದ ಮೇಲೆ ನೀನು ಎದ್ದು ಇದನ್ನು ಕೇಳ್ಬೇಕು. ಹೋದ ಸಲ ಒಂದು ಶಾಲೆಯವರು ಬಂದಿದ್ರು, ಪ್ರಶ್ನೆ ಉಂಟಾ ಅಂತ ಕೇಳಿದ್ರೆ ಒಬ್ಬ ಟಾಯ್ಲೆಟ್ ಎಲ್ಲಿ ಅಂದ, ಮತ್ತೊಬ್ಬ ವೈಫೈ ಪಾಸ್‌ವರ್ಡ್ ಅಂದ. ಈಗ ಮಾರ್ಕೆಟಿಂಗಿನ ಮಿಸ್ ಲಿಮ್ ಹೊಸ ರೂಲ್ ಮಾಡಿದ್ದಾರೆ. ಭಾಷಣ ಮಾಡುವವರೇ ಒಂದು ಒಳ್ಳೆ ಪ್ರಶ್ನೆಗೆ ವ್ಯವಸ್ಥೆ ಮಾಡಿಕೊಳ್ಳಬೇಕು."

"ಅಂದ್ರೆ ಇದು ಮೋಸ."

"ಮೋಸ ಅಲ್ಲ ಮಾರಾಯ್ತಿ, ವ್ಯವಸ್ಥೆ. ಮತ್ತೆ, ನೀನು ನನ್ನ ಮಗಳು ಅಂತ ಯಾರಿಗೂ ಗೊತ್ತಾಗ್ಬಾರ್ದು. ಅಪ್ಪಾ ಅನ್ಬೇಡ. ಸರ್ ಅನ್ನು."

ನಾನು ಚೀಟಿಯನ್ನು ಮಡಚಿ, ಎದುರಾಳಿ ತಾನಾಗಿ ಬಂದು ಕತ್ತು ಕೊಟ್ಟಾಗ ಏನು ಮಾಡಬೇಕೋ ಅದನ್ನು ಮಾಡಿದೆ. "ಕೇಳ್ತೀನಿ. ಆದ್ರೆ ಫಾರಂಗೆ ಸೈನ್ ಹಾಕ್ಬೇಕು." ಅಪ್ಪ ಸಾರನ್ನು ಅನ್ನಕ್ಕೆ ಕಲಸುತ್ತಾ ಬಹಳ ಹೊತ್ತು ಯೋಚಿಸಿ, ಸೋತವರ ಧ್ವನಿಯಲ್ಲಿ "ಆಯ್ತು" ಎಂದರು. ನನ್ನ ಜೀವನದ ಅತ್ಯುತ್ತಮ ಸಂಧಾನ ಎಂದುಕೊಂಡು ನಾನು ಎರಡನೆಯ ಸಲ ಅನ್ನ ಬಡಿಸಿಕೊಂಡೆ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಬರೀ ಸಹಿ ಸಾಲದು, ಗೆಲುವು ಬೇಕಿತ್ತು. ಸಹಿ ಹಾಕಿದ ಮೇಲೂ ಅಪ್ಪ ಇನ್ನು ಹತ್ತು ವರ್ಷ ನಿಟ್ಟುಸಿರು ಬಿಡುತ್ತಾ ಓಡಾಡಿದರೆ? ಹಾಗಾಗಿ ಚೀಟಿಯ ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ನನ್ನದೇ ಒಂದು ಪ್ರಶ್ನೆ ಬರೆದಿಟ್ಟುಕೊಂಡೆ: ಸರ್, ಹದಿನೇಳನೆಯ ವಯಸ್ಸಿನಲ್ಲಿ ನಿಮಗೆ ಏನಾಗಬೇಕು ಅಂತ ಇತ್ತು? ಅಪ್ಪ ತಮ್ಮ ಕಾಲೇಜಿನ ದಿನಗಳ ಬಗ್ಗೆ ಮೆಸ್ಸಿನ ಸಾಂಬಾರಿನಿಂದ ಹಿಡಿದು ಎಲ್ಲವನ್ನೂ ಹೇಳಿದ್ದರು, ಇದೊಂದನ್ನು ಹೇಳಿರಲಿಲ್ಲ. ಅಜ್ಜ ಊರಿನ ದೊಡ್ಡ ಡಾಕ್ಟರು. ಡಾಕ್ಟರಾಗಬೇಕು ಅಂತಲೇ ಇತ್ತು ಎಂದು ಅವರು ಎಲ್ಲರೆದುರು ಸುಳ್ಳು ಹೇಳಿದರೆ ಮುಖದಲ್ಲಿ ಗೊತ್ತಾಗುತ್ತದೆ, ಬೇರೇನೋ ಇತ್ತು ಎಂದರೆ ನನ್ನ ವಾದ ತಾನಾಗಿ ಗೆಲ್ಲುತ್ತದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎಂದೂ ಕೇಳಬೇಡ ಎಂದು ನಮ್ಮ ತಂಡದ ತರಬೇತುದಾರರು ನೂರು ಸಲ ಹೇಳಿದ್ದರು. ತರಬೇತುದಾರರನ್ನೂ ಖಂಡಿಸುವುದು ನನ್ನ ಅಭ್ಯಾಸ.

ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತುವಾಗ ನಮ್ಮ ತರಗತಿಯ ಚೆಗು ರೊಹಾನಾ (ಇಲ್ಲಿ ಟೀಚರನ್ನು ಚೆಗು ಎನ್ನುತ್ತೇವೆ) ಎಲ್ಲರ ಕೊರಳಿಗೂ ಹೆಸರಿನ ಬಿಲ್ಲೆ ತೂಗುಹಾಕಿದರು. ನಾನು ನೋಡದೆ ಹಾಕಿಕೊಂಡೆ. ಸ್ವಂತ ಹೆಸರನ್ನು ಯಾರು ಓದುತ್ತಾರೆ? ಪಕ್ಕದ ಸೀಟಿನ ತಿವ್ಯಾಳಿಗೆ ಚೀಟಿಯ ಎರಡೂ ಮುಖ ತೋರಿಸಿದೆ. "ಹಿಂದಿಂದು ಕೇಳು ಲಾ. ಕೇಳಿದ್ರೆ ವಾರ ಪೂರ್ತಿ ನಿನ್ನ ರೋಟಿ ಚನಾಯ್ ಖರ್ಚು ನನ್ನದು. ಕೇಳ್ಳಿಲ್ಲ ಅಂದ್ರೆ ನನ್ನ ಖರ್ಚು ನಿನ್ನದು, ನೀನು ಬರೀ ಬಾಯಿ ಲಾ" ಎಂದಳು. ಅವಳು ಮಾತನಾಡಿದ್ದು ಇಂಗ್ಲಿಷ್, ಮಲಯ್, ತಮಿಳು ಬೆರೆತ ನಮ್ಮ ಶಾಲೆಯ ಭಾಷೆಯಲ್ಲಿ. ಕನ್ನಡಕ್ಕೆ ತರುವಾಗ "ಲಾ" ಒಂದನ್ನು ಉಳಿಸಿಕೊಂಡಿದ್ದೇನೆ. ಅದನ್ನು ತೆಗೆದರೆ ತಿವ್ಯಾಳಲ್ಲಿ ಏನೂ ಉಳಿಯುವುದಿಲ್ಲ.

ಮೊದಲ ಕ್ಯಾಂಪಸ್ಸು ಸರ್ಕಾರಿ ಕಚೇರಿಗಳ ಊರಾದ ಪುತ್ರಜಯಾದ ಆಚೆ, ರಸ್ತೆಗಳು ಮಾತ್ರ ಓದು ಮುಗಿಸಿ ಕೆಲಸಕ್ಕೆ ಸೇರಿ, ಕಟ್ಟಡಗಳು ಇನ್ನೂ ಶಾಲೆಯಲ್ಲೇ ಇದ್ದಂತಿರುವ ವಿಶಾಲವಾದ ಜಾಗದಲ್ಲಿತ್ತು. ನಮ್ಮನ್ನು ಸುತ್ತಾಡಿಸಲು ಬಂದ ಹಿರಿಯ ವಿದ್ಯಾರ್ಥಿನಿ ನಮ್ಮ ಕಡೆ ಮುಖಮಾಡಿ ಹಿಂದುಹಿಂದಕ್ಕೆ ನಡೆಯುತ್ತಾ, "ನಾವು ನಿಮ್ಮನ್ನು ಭವಿಷ್ಯದ ಕಡೆಗೆ ಕರೆದೊಯ್ಯುತ್ತೇವೆ" ಎಂದಳು. ಭವಿಷ್ಯಕ್ಕೆ ಬೆನ್ನು ಹಾಕಿ ನಡೆಯುವವರು ಇದಕ್ಕಿಂತ ಪ್ರಾಮಾಣಿಕವಾಗಿ ದಾರಿ ತೋರಿಸಲಾರರು. ಕೆರೆ ತೋರಿಸಿದಳು, ಹತ್ತುವ ಗೋಡೆ ತೋರಿಸಿದಳು, ವಿದ್ಯಾರ್ಥಿಗಳು ನಡುಹಗಲು ನಿದ್ದೆ ಮಾಡಲು ಇಟ್ಟಿದ್ದ ಮೊಟ್ಟೆಯಾಕಾರದ ಗೂಡುಗಳನ್ನು ತೋರಿಸಿದಳು. ಪಾಠ ಮಾಡುವ ಕೋಣೆ ಎಲ್ಲಿ ಎಂದು ಕೇಳಿದೆ. ಅದು ಇವತ್ತಿನ ಸುತ್ತಿನಲ್ಲಿ ಸೇರಿಲ್ಲವಂತೆ. ಹಂಚಿದ ಪುಸ್ತಿಕೆಯ ಮುಖಪುಟದಲ್ಲಿ ಒಬ್ಬ ಮಲಯ್ ಹುಡುಗಿ, ಒಬ್ಬ ಚೀನೀ ಹುಡುಗ, ಒಬ್ಬ ಭಾರತೀಯ ಹುಡುಗ, ದೂರದೇಶದ ಇನ್ನೊಬ್ಬರು, ನಾಲ್ವರೂ ಒಂದೇ ಲ್ಯಾಪ್‌ಟಾಪ್ ನೋಡಿ ನಗುತ್ತಿದ್ದರು. ಲ್ಯಾಪ್‌ಟಾಪ್ ಆನ್ ಆಗಿರಲಿಲ್ಲ.

ಎರಡನೆಯದು ನಗರದೊಳಗೆ, ಒಂದು ಮಾಲಿನ ನೆತ್ತಿಯ ಮೇಲಿದ್ದ ಕಾಲೇಜು. ಅಲ್ಲಿ ಬಾಗಿಲಿನಲ್ಲೇ ಪದವಿ ಪ್ರದಾನದ ಕಪ್ಪು ನಿಲುವಂಗಿ, ಚೌಕ ಟೋಪಿಗಳನ್ನು ಸಾಲಾಗಿ ತೂಗುಹಾಕಿದ್ದರು. ಹಾಕಿಕೊಳ್ಳಿ, ಫೋಟೋ ತೆಗೆಸಿಕೊಳ್ಳಿ, ಮನೆಯವರಿಗೆ ಕಳಿಸಿ ಎಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಅಮ್ಮ ಹೇಳುವ ಮಾತನ್ನು ಜಗತ್ತಿನಲ್ಲಿ ಇಷ್ಟು ಅಕ್ಷರಶಃ ಪಾಲಿಸಿದವರನ್ನು ನಾನು ಕಂಡಿಲ್ಲ. ನನ್ನ ತರಗತಿಯ ಮೂವತ್ತು ಜನ ಶಾಲೆ ಮುಗಿಸುವ ಮೊದಲೇ ಅರ್ಧ ಗಂಟೆಯಲ್ಲಿ ಪದವೀಧರರಾದರು. ನಾನು ತತ್ವಕ್ಕಾಗಿ ನಿರಾಕರಿಸಿದೆ. ಆಮೇಲೆ ಟೋಪಿ ನನ್ನ ತಲೆಗೆ ಹೇಗೆ ಕಾಣುತ್ತದೆ ಎಂಬ ಶುದ್ಧ ಜಿಜ್ಞಾಸೆಯಿಂದ ಒಂದು ತೆಗೆಸಿಕೊಂಡೆ, ಚೆನ್ನಾಗಿ ಬರಲಿಲ್ಲ, ಇನ್ನೆರಡು ತೆಗೆಸಿಕೊಂಡೆ. ಅಲ್ಲಿಂದ ಕಟ್ಟಿಸಿಕೊಂಡ ನಾಸಿ ಲೆಮಾಕ್ (ತೆಂಗಿನಹಾಲಿನ ಅನ್ನ) ಪೊಟ್ಟಣಗಳನ್ನು ಬಸ್ಸಿನಲ್ಲೇ ಬಿಚ್ಚಿ ತಿಂದೆವು. ನಾನು ನನ್ನದನ್ನು ಅರ್ಧಕ್ಕೇ ಮಡಚಿಟ್ಟೆ. ಸಂಬಲ್ ಚಟ್ನಿ ಖಾರವಾಗಿತ್ತು ಎಂದು ತಿವ್ಯಾಳಿಗೆ ಹೇಳಿದೆ.

ಅಪ್ಪನ ಕಾಲೇಜಿನ ಸಭಾಂಗಣ ಐಸ್‌ಕ್ರೀಮ್ ಇಟ್ಟು ಮಾರಬಹುದಾದಷ್ಟು ತಣ್ಣಗಿತ್ತು. ಇನ್ನೊಂದು ಶಾಲೆಯವರೂ ಬಂದಿದ್ದರು. ವೇದಿಕೆಯ ಹಿಂದಿನ ಪರದೆಯಲ್ಲಿ ಆಳೆತ್ತರದ ಅಕ್ಷರದಲ್ಲಿ ಡಾಕ್ಟರ್ ಶ್ರೀನಿವಾಸ ಎಂದಿತ್ತು. ಅದರ ಕೆಳಗೆ, ಮದುವೆಗಳಿಗೆ ಮಾತ್ರ ಹೊರಬರುವ ನೀಲಿ ಶರ್ಟಿನಲ್ಲಿ ಅಪ್ಪ. ಮಿಸ್ ಲಿಮ್ ಕೊನೆಯ ಸಾಲಿನಲ್ಲಿ ನಿಂತು, ಅಪ್ಪ ಒಂದೊಂದು ಚಿತ್ರ ಬದಲಿಸಿದಾಗಲೂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಮನೆಯಲ್ಲಿ ಕೋಳಿಯ ಕಾಲಿನ ಮೂಳೆ ಹಿಡಿದು ಅರ್ಧ ಗಂಟೆ ನಮ್ಮನ್ನು ನಗಿಸಬಲ್ಲ ಮನುಷ್ಯ ಅಲ್ಲಿ ಮಿಸ್ ಲಿಮ್ ಬರೆದುಕೊಟ್ಟ ವಾಕ್ಯಗಳನ್ನು ಔಷಧಿ ಬಾಟಲಿಯ ಮೇಲಿನ ಸೂಚನೆಯಂತೆ ಓದುತ್ತಿದ್ದರು. ತಿವ್ಯಾ ಪಿಸುಗುಟ್ಟಿದಳು, "ನಿನ್ನಪ್ಪ ನಿಮ್ಮ ಮನೇಲಿ ತಮಾಷೆ ಮಾಡ್ತಾರಲ್ಲ, ಇಲ್ಲಿ ಏನಾಯ್ತು ಲಾ?" ಅದು ನಾನು ಕೇಳಬೇಕಿದ್ದ ಮೂರನೆಯ ಪ್ರಶ್ನೆ.

ಭಾಷಣ ಮುಗಿಯಿತು. ಪ್ರಶ್ನೆಗಳಿವೆಯೇ ಎಂದು ಅಪ್ಪ ಕೇಳಿದರು. ಒಂದು ಕೈಯೂ ಮೇಲೇಳಲಿಲ್ಲ. ಅಪ್ಪ ನನ್ನ ಕಡೆ ನೋಡದಿರಲು ಎಷ್ಟು ಕಷ್ಟಪಟ್ಟರೆಂದರೆ ಇಡೀ ಸಭೆ ಅವರು ಯಾರನ್ನು ನೋಡುತ್ತಿಲ್ಲ ಎಂದು ನೋಡಲು ತಿರುಗಿತು. ನಾನು ಕೈ ಎತ್ತಿದೆ. ಮೈಕು ಹಿಡಿದಿದ್ದ ಕಾಲೇಜಿನ ವಿದ್ಯಾರ್ಥಿನಿ ಓಡಿ ಬಂದು, ತರಬೇತಿಯಲ್ಲಿ ಕಲಿಸಿದಂತೆ, ನನ್ನ ಕೊರಳಿನ ಬಿಲ್ಲೆಯನ್ನು ಹಿಡಿದು ಸ್ಪಷ್ಟವಾಗಿ ಓದಿದಳು: "ಮೊದಲ ಪ್ರಶ್ನೆ, ಅನಘಾ ಅನಾಕ್ ಪೆರಂಪುವಾನ್ ಶ್ರೀನಿವಾಸ ಅವರಿಂದ."

ಇಲ್ಲಿಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಮಲೇಷ್ಯಾದಲ್ಲಿ ಭಾರತೀಯರ ಹೆಸರನ್ನು ದಾಖಲೆಯಲ್ಲಿ ಬರೆಯುವಾಗ ಹೆಸರಿಗೂ ತಂದೆಯ ಹೆಸರಿಗೂ ನಡುವೆ ಇಂಥವರ ಮಗ ಅಥವಾ ಇಂಥವರ ಮಗಳು ಎಂದು ಮಲಯ್‌ನಲ್ಲಿ ಸೇರಿಸುತ್ತಾರೆ. ಅನಾಕ್ ಪೆರಂಪುವಾನ್ ಎಂದರೆ ಮಗಳು. ನನ್ನ ಪಾಸ್‌ಪೋರ್ಟಿನಲ್ಲಿ ಅದಿಲ್ಲ. ನಮ್ಮ ಶಾಲೆಯ ಗುಮಾಸ್ತರು ಮಾತ್ರ ಭಾರತೀಯ ಮುಖ ಕಂಡಲ್ಲೆಲ್ಲ ಅಭ್ಯಾಸಬಲದಿಂದ ಅದನ್ನು ಸೇರಿಸಿಬಿಡುತ್ತಾರೆ, ಚೆಗು ರೊಹಾನಾ ಹಾಜರಿ ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆಯೇ ಮುದ್ರಿಸಿದ್ದರು. ಬೆಳಿಗ್ಗೆಯಿಂದ ಮೂರು ಕ್ಯಾಂಪಸ್ಸುಗಳಲ್ಲಿ ನಾನು ಶ್ರೀನಿವಾಸರ ಮಗಳು ಎಂಬ ಫಲಕ ಕಟ್ಟಿಕೊಂಡೇ ಗುಪ್ತಚರಳ ಠೀವಿಯಲ್ಲಿ ಓಡಾಡಿದ್ದೆ. ಸಭೆ ನನ್ನನ್ನು ನೋಡಿತು. ಪರದೆಯ ಮೇಲಿನ ಆಳೆತ್ತರದ ಹೆಸರನ್ನು ನೋಡಿತು. ನನ್ನ ಮೂಗು, ಅಪ್ಪನ ಮೂಗು ನೋಡಿ ಹೋಲಿಕೆ ಮಾಡಿತು. ಮೊದಲು ಒಂದು ಮೂಲೆ ನಕ್ಕಿತು, ಆಮೇಲೆ ಎಲ್ಲ ಮೂಲೆಗಳೂ.

ಈಗ ಬರುವುದೇ ತಪ್ಪೊಪ್ಪಿಗೆ. ಮೈಕು ನನ್ನ ಕೈಯಲ್ಲಿತ್ತು, ಚೀಟಿಯ ಎರಡು ಮುಖಗಳೂ ನನ್ನ ಕೈಯಲ್ಲಿದ್ದವು. ನಗುವ ಸಭೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಲು ಚರ್ಚಾಪಟುವಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಆದರೆ ಅಪ್ಪ ನೀಲಿ ಶರ್ಟಿನ ತೋಳಿನ ಗುಂಡಿಯನ್ನು ಹಾಕುತ್ತಿದ್ದರು, ತೆಗೆಯುತ್ತಿದ್ದರು, ಹಾಕುತ್ತಿದ್ದರು. ಒಂಬತ್ತು ಕಪ್ಪು ಗೆದ್ದು ಮನೆಯ ಶೋಕೇಸು ತುಂಬಿಸಿದ ನಾನು, ತರಬೇತುದಾರರನ್ನೇ ಖಂಡಿಸುವ ನಾನು, ಗಂಟಲು ಸರಿಮಾಡಿಕೊಂಡು ಹೀಗೆ ಕೇಳಿದೆ: "ಸರ್, ಮೊದಲನೆಯ ವರ್ಷದಿಂದಲೇ ವಿದ್ಯಾರ್ಥಿಗಳಿಗೆ ರೋಗಿಗಳನ್ನು ನೋಡುವ ಅವಕಾಶ ಇದೆಯೇ?" ಒಂದಕ್ಷರ ಆಚೀಚೆ ಇಲ್ಲ. ತಿವ್ಯಾ ನನ್ನ ಶರ್ಟಿನ ತುದಿ ಎಳೆದು, "ಬರೀ ಬಾಯಿ ಲಾ" ಎಂದಳು.

ಅಪ್ಪ ಮಿಸ್ ಲಿಮ್ ಕೊಟ್ಟ ಉತ್ತರದ ಹಾಳೆಯನ್ನು ತೆಗೆದರು, ನೋಡಿದರು, ನಾಲ್ಕಾಗಿ ಮಡಚಿ ಜೇಬಿಗಿಟ್ಟರು. "ಇದು ನಾನೇ ಬರೆದುಕೊಟ್ಟ ಪ್ರಶ್ನೆ" ಎಂದರು, ಇಂಗ್ಲಿಷಿನಲ್ಲಿ, ಆದರೆ ಕೋಳಿ ಮೂಳೆಯ ಧ್ವನಿಯಲ್ಲಿ. "ಅವಳು ನನ್ನ ಮಗಳು, ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿದೆ. ಅವಳಿಗೆ ಇಲ್ಲಿಗೆ ಬರುವ ಮನಸ್ಸಿಲ್ಲ, ಕಾನೂನು ಓದಬೇಕಂತೆ. ಉತ್ತರ ಹೇಳುತ್ತೇನೆ. ಮೊದಲ ವರ್ಷವೇ ರೋಗಿಗಳನ್ನು ನೋಡುತ್ತೀರಿ. ಅವರು ನೋವಿನಲ್ಲಿರುತ್ತಾರೆ. ನಿಮಗೆ ಬೇಕು ಅನಿಸಿದರೆ ಬನ್ನಿ, ನಾನು ಚೆನ್ನಾಗಿ ಕಲಿಸುತ್ತೇನೆ. ನಿಮ್ಮ ಅಪ್ಪ ಅಮ್ಮನಿಗೆ ಬೇಕು ಅನಿಸಿದ್ದರೆ ಅವರನ್ನೇ ಕಳಿಸಿ. ಅವರಿಗೂ ಕಲಿಸುತ್ತೇನೆ, ವಯಸ್ಸಿನ ಮಿತಿ ಬಗ್ಗೆ ಹಿಂದೆ ನಿಂತಿರುವ ಮಿಸ್ ಲಿಮ್ ಹತ್ತಿರ ಮಾತನಾಡಿ." ಸಭೆ ಬೆಂಚು ಬಡಿದು ನಕ್ಕಿತು. ಚೆಗು ರೊಹಾನಾ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಿಸ್ ಲಿಮ್ ಅವರ ಹೆಬ್ಬೆರಳು ಅರ್ಧ ದಾರಿಯಲ್ಲೇ ನಿಂತುಹೋಗಿತ್ತು. ಆಮೇಲೆ ನಿಜವಾದ ಪ್ರಶ್ನೆಗಳು ಎಷ್ಟು ಬಂದವೆಂದರೆ ಕರಿಪಫ್ ತಣ್ಣಗಾದವು. ಉತ್ತರ ಇಷ್ಟು ಜೋರಾಗಿದ್ದ ಮೇಲೆ ಪ್ರಶ್ನೆ ಅಷ್ಟು ಸಪ್ಪೆಯಾಗಿರಲು ಸಾಧ್ಯವಿಲ್ಲ ಎಂದು ಬಸ್ಸು ಶಾಲೆ ಮುಟ್ಟುವುದರೊಳಗೆ ಎಲ್ಲರೂ ತೀರ್ಮಾನಿಸಿ, ನನ್ನ ಬಾಯಿಗೆ ತಕ್ಕ ಪ್ರಶ್ನೆಯೊಂದನ್ನು ತಾವೇ ಒದಗಿಸಿಕೊಂಡರು. ನಿಜ ಗೊತ್ತಿದ್ದ ತಿವ್ಯಾ ಕೂಡ ಮನೆಗೆ ಒಯ್ದದ್ದು ಆ ಆವೃತ್ತಿಯನ್ನೇ. ಅಮ್ಮನ ಕಥೆಯ ಮೂಲ ಅದು.

ನಾನು ಆ ಬಸ್ಸಿನಲ್ಲಿರಲಿಲ್ಲ. ಚೆಗು ಅವರ ಅನುಮತಿ ಪಡೆದು ಅಪ್ಪನ ಕಾರಿನಲ್ಲಿ ಹೊರಟಿದ್ದೆ. ಕಾಲೇಜಿನ ಗೇಟು ದಾಟಿದ ಮೇಲೆ ನಾನು, "ಒಪ್ಪಂದದ ಪ್ರಕಾರ ನಾನು ಕೇಳಿದ್ದೀನಿ. ಈಗ ಸೈನ್" ಎಂದೆ.

"ಚೀಲದಲ್ಲುಂಟು, ತಗೋ."

ಫಾರಂ ತೆಗೆದೆ. ಸಹಿ ಆಗಲೇ ಬಿದ್ದಿತ್ತು. ಪಕ್ಕದಲ್ಲಿದ್ದದ್ದು ಹಿಂದಿನ ಭಾನುವಾರದ ತಾರೀಖು. ನಾನು ಸಂಧಾನ ನಡೆಸಿ ಎರಡನೆಯ ಸಲ ಅನ್ನ ಹಾಕಿಸಿಕೊಂಡದ್ದು ಬುಧವಾರ.

"ಮೊದಲೇ ಹಾಕಿದ್ರಲ್ಲ, ಮತ್ತೆ ಬುಧವಾರ ಯಾಕೆ ಅಷ್ಟು ಹೊತ್ತು ಯೋಚನೆ ಮಾಡಿದ ಹಾಗೆ ಮಾಡಿದ್ರಿ?"

"ನಿನಗೆ ವಾದ ಇಲ್ಲದೆ ಎಂತ ಕೊಟ್ರೂ ರುಚಿ ಹತ್ತುದಿಲ್ಲ. ಮತ್ತೆ, ನನಗೆ ಪ್ರಶ್ನೆ ಕೇಳ್ಲಿಕ್ಕೆ ಒಂದು ಜನ ಬೇಕಿತ್ತಲ್ಲ."

ಅಂಗರಚನೆಯ ಮೇಷ್ಟರೊಬ್ಬರಿಗೆ ನಾನು ಹೀಗೆ ಸೋತೆ, ಅದೂ ಸ್ಪರ್ಧೆ ಶುರುವಾಗುವ ಮೂರು ದಿನ ಮೊದಲೇ. ಮುಂದೆ ಕಾನೂನು ಕಾಲೇಜಿನ ಸಂದರ್ಶನದಲ್ಲಿ ನಿನ್ನ ಧೈರ್ಯಕ್ಕೆ ಒಂದು ಉದಾಹರಣೆ ಕೊಡು ಎಂದಾಗ, ತುಂಬಿದ ಸಭೆಯಲ್ಲಿ ತಂದೆಯನ್ನೇ ಪ್ರಶ್ನಿಸಿದ ಕಥೆಯನ್ನು ಅಮ್ಮನ ಆವೃತ್ತಿಯಲ್ಲಿ, ಕೈ ಸನ್ನೆಗಳ ಸಮೇತ ಹೇಳಿದೆ. ಸೀಟು ಸಿಕ್ಕಿತು. ಸುಳ್ಳು ಸಾಕ್ಷ್ಯದ ಮೇಲೆ ಕಾನೂನು ಓದುತ್ತಿರುವವಳು ನಾನೊಬ್ಬಳೇ ಇರಲಾರೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ತಿವ್ಯಾ ಮಾತ್ರ ಈಗಲೂ ರೋಟಿ, ಚಾ ಸಿಗುವ ಮಾಮಕ್ ಅಂಗಡಿಯಲ್ಲಿ ಭೇಟಿಯಾದಾಗಲೆಲ್ಲ ತನಗೆ ಬರಬೇಕಾಗಿದ್ದ ರೋಟಿ ಚನಾಯ್‌ಗಳನ್ನು ನೆನಪಿಸುತ್ತಾಳೆ.

ಆ ಸಂಜೆ ಕಾರಿನಲ್ಲಿ ನಾನು ಚೀಟಿಯನ್ನು ತಿರುಗಿಸಿ, ಪೆನ್ಸಿಲ್ಲಿನ ಸಾಲನ್ನು ಗಟ್ಟಿಯಾಗಿ ಓದಿದ್ದೆ. ಸರ್ ಎನ್ನಲಿಲ್ಲ. ಮುಂದೆ ಹಿಂದೆ ಒಂದು ವಾಹನವೂ ಇಲ್ಲದ ಆ ಅಗಲ ರಸ್ತೆಯಲ್ಲಿ ಅಪ್ಪ ಇಂಡಿಕೇಟರ್ ಹಾಕಿದರು, ಕನ್ನಡಿ ನೋಡಿದರು, "ಚಾ ಕುಡಿಯುವನಾ?" ಎಂದು ಮಾಮಕ್ ಅಂಗಡಿಯ ಕಡೆ ತಿರುಗಿಸಿದರು. ಚಾ ಕುಡಿದೆವು. ಅದಾಗಿ ಎರಡು ವರ್ಷ ಕಳೆದಿದೆ. ಅಮ್ಮ ಕಥೆ ಶುರುಮಾಡಿದಾಗಲೆಲ್ಲ ನಮ್ಮ ಫ್ಯಾನು ಜೋರಾಗಿ ತಿರುಗುತ್ತದೆ. ಇದನ್ನು ನೀವು ಓದುತ್ತೀರೆಂದು ಗೊತ್ತು. ಇಲ್ಲಿ ಫ್ಯಾನಿಲ್ಲ, ಚಾ ಇಲ್ಲ, ಮಿಸ್ ಲಿಮ್ ಇಲ್ಲ, ಕೇಳುತ್ತಿರುವವಳು ಯಾರ ಮಗಳು ಎಂಬುದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಅಪ್ಪಾ, ಹದಿನೇಳನೆಯ ವಯಸ್ಸಿನಲ್ಲಿ ನಿಮಗೆ ಏನಾಗಬೇಕು ಅಂತ ಇತ್ತು?